ಮೂರನೆಯ ಸಿಲಿಂಡರು

ಇತಿಹಾಸ ಓದುವ ಬಿ.ಎ. ವಿದ್ಯಾರ್ಥಿಗೆ ಮೋಟಾರಿನ ಎಂಜಿನ್ನಿನ ಗೊಡವೆ ಏಕೆ ಎಂದು ವಾಚಕರು ಕೇಳಬಹುದು. ರಾಮನಗರದ ಹಳೆಯ ಮೈಸೂರು ರಸ್ತೆಯ ಬದಿಯ ಒಂದು ತಗಡಿನ ಶೆಡ್ಡೇ ನನ್ನ ಕಾಲೇಜಿನ ಫೀಜು ಕಟ್ಟುತ್ತಿರುವುದು. ನಾಲ್ಕನೆಯ ತರಗತಿಗೇ ಓದು ಬಿಟ್ಟ ನಮ್ಮ ತಂದೆಯವರು ಅಲ್ಲಿಯ ಮೇಸ್ತ್ರಿ. ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವನು ನಾನೊಬ್ಬನೆ. 2023ರಲ್ಲಿ ಹೊಸ ಹೆದ್ದಾರಿ ಊರನ್ನು ಬಳಸಿಕೊಂಡು ಹೋದ ಮೇಲೆ ನಮಗೆ ಗಿರಾಕಿಗಳು ವಿರಳ. ಕಳೆದ ದಸರಾ ರಜೆಯಲ್ಲಿ ಬಂದ ಒಬ್ಬರನ್ನು ನಾನು ಕಳೆದೇ ಬಿಡುತ್ತಿದ್ದೆ.

ಅವರು ಚನ್ನಪಟ್ಟಣದ ಗೊಂಬೆ ಕೆಲಸದವರು. ಅವರ ಅಂಬಾಸಡರ್ ಕಾರು 1489 ಸಿ.ಸಿ. ಪೆಟ್ರೋಲ್ ಎಂಜಿನ್ನಿನದು, ವಯಸ್ಸಿನಲ್ಲಿ ನನಗಿಂತ ಹಿರಿಯದು. (ಆ ಕಾರಿನ ತಯಾರಿಕೆಯೇ 2014ರಲ್ಲಿ ನಿಂತಿತು.) ನಿಂತಲ್ಲಿ ಎಂಜಿನ್ನು ಕುಂಟುತ್ತಿತ್ತು, ಬೆಳಿಗ್ಗೆ ಸ್ಟಾರ್ಟ್ ಮಾಡಿದೊಡನೆ ನೀಲಿ ಹೊಗೆ. ಅಪ್ಪ ಊಟಕ್ಕೆ ಹೋಗಿದ್ದರು. ಪ್ಲಗ್ಗಿನ ವೈರುಗಳನ್ನು ಒಂದೊಂದಾಗಿ ಕಿತ್ತು ನೋಡಿದೆ. ಮೂರನೆಯದನ್ನು ಕಿತ್ತಾಗ ಎಂಜಿನ್ನಿಗೆ ಏನೂ ಅನ್ನಿಸಲಿಲ್ಲ. ಗೇಜು ಹಚ್ಚಿದರೆ ಉಳಿದವುಗಳಲ್ಲಿ 120 ಪೌಂಡಿನ ಹತ್ತಿರ, ಅದರಲ್ಲಿ 60. "ರಿಂಗು ಸವೆದಿದೆ, ಬೋರ್ ಹೊಡೆಸಬೇಕು" ಎಂದು ಪದವಿ ಪಡೆದೇಬಿಟ್ಟವನ ಗಾಂಭೀರ್ಯದಿಂದ ನುಡಿದೆ. ಖರ್ಚು ಕೇಳಿದ ಅವರು ಅಲ್ಲೇ ಗುಜರಿಯವನಿಗೆ ಫೋನು ಮಾಡಿದರು. ಅವನು ಮೂರು ದಿನ ಬಿಟ್ಟು ಬರುತ್ತೇನೆಂದ.

ಅಪ್ಪ ಬಂದರು. "ಹೊಗೆ ಯಾವಾಗ ಬತ್ತದೆ ಸ್ವಾಮಿ? ಏರು ಹತ್ತುವಾಗ್ಲೂವಾ?"

"ಇಲ್ಲ, ಬೆಳಿಗ್ಗೆ ಒಂದ್ಸಲ ಅಷ್ಟೆ."

"ಹಂಗಾದ್ರೆ ವಸಿ ತಡೀರಿ. ಲೋ, ಆ ತೂತಿಗೆ ಒಂದು ಚಮಚ ಎಣ್ಣೆ ಬುಡ್ಲಾ."

ಸೋರುವುದು ರಿಂಗಾದರೆ ಎಣ್ಣೆ ಸಂದನ್ನು ಮುಚ್ಚಿ ಒತ್ತಡ ಏರಬೇಕು. ಮುಳ್ಳು 60ರಲ್ಲೇ ನಿಂತಿತು. ಆಮೇಲೆ ಎರಡೂ ವಾಲ್ವುಗಳು ಮುಚ್ಚಿರುವಂತೆ ಮೂರನೆಯ ಪಿಸ್ಟನ್ನನ್ನು ಮೇಲಕ್ಕೆ ತಂದು, ಕಾರನ್ನು ಗೇರಿನಲ್ಲಿ ನಿಲ್ಲಿಸಿ, ಪ್ಲಗ್ಗಿನ ತೂತಿನಿಂದ ಗಾಳಿ ಬಿಟ್ಟೆವು. ಕಾರ್ಬ್ಯುರೇಟರಿನಲ್ಲಿ ಸದ್ದಿಲ್ಲ, ಹಿಂದೆ ಸೈಲೆನ್ಸರಿನಲ್ಲಿ ಹಾವು ಬುಸುಗುಟ್ಟಿದ ಹಾಗಾಯಿತು. ಸೋರುತ್ತಿದ್ದುದು ಎಕ್ಸಾಸ್ಟ್ ವಾಲ್ವ್.

ಮಾರನೆಯ ದಿನ ಹೆಡ್ಡು ಬಿಚ್ಚಿದೆವು. ಉಳಿದ ಮೂರು ಎಕ್ಸಾಸ್ಟ್ ವಾಲ್ವುಗಳ ಮೇಲೆ ತೆಳುವಾದ ಕಂದು ಬೂದಿ, ಅದು ಇರತಕ್ಕದ್ದೇ. ಇದರ ಕುತ್ತಿಗೆಗೆ ಮಾತ್ರ ಕರಿಯ ಗಟ್ಟಿ ಹಕ್ಕಳೆ. ಅದರ ಚೂರೊಂದು ಸೀಟಿನ ಮೇಲೆ ಕೂತು ವಾಲ್ವನ್ನು ಪೂರಾ ಮುಚ್ಚಗೊಡುತ್ತಿರಲಿಲ್ಲ. ಗೊಂಬೆಯವರು ಉಗುರಿನಿಂದ ಕೆರೆದು, "ನಮ್ ಅರಗು ಹಿಡಿದಂಗೇ ಹಿಡಿದದೆ" ಎಂದರು. ತಿರುಗುವ ಮರಕ್ಕೆ ಅರಗಿನ ಕಡ್ಡಿ ಒತ್ತಿದರೆ ಉಜ್ಜಿದ ಕಾವಿಗೇ ಅದು ಕರಗಿ ಕೂರುತ್ತದಲ್ಲವೆ? ಇಲ್ಲಿ ಎಣ್ಣೆ ಬೆಂದು ಕೂತಿತ್ತು. ಎಣ್ಣೆ ಬಂದ ದಾರಿಯನ್ನೂ ಅವರೇ ಹಿಡಿದರು: ವಾಲ್ವನ್ನು ಗೈಡಿನೊಳಗೆ ಅಲ್ಲಾಡಿಸಿ, "ಇದು ಸಡಿಲ" ಎಂದರು. ಲೇತ್ ಮೇಲೆ ಪಳಗಿದ ಬೆರಳು! ರಾತ್ರಿ ಆ ಸಂದಿನಿಂದ ಇಳಿದ ಎಣ್ಣೆಯೇ ಬೆಳಗಿನ ನೀಲಿ ಹೊಗೆ. ಅಪರಾಧವನ್ನು ನಾನು ರಿಂಗಿನ ಮೇಲೆ ಹೊರಿಸಿದ್ದೆ.

ಗೈಡು ಬದಲಾಯಿಸಿದ್ದಾಯಿತು. ವಾಲ್ವಿನ ಅಂಚಿನಲ್ಲಿ ಸಣ್ಣ ಗುಳಿಗಳಿದ್ದವು, ಬಿರುಕಿರಲಿಲ್ಲ. ಪೇಸ್ಟು ಹಚ್ಚಿ, ರಬ್ಬರ್ ಬಟ್ಟಲಿನ ಕೋಲನ್ನು ಅಂಗೈಗಳ ನಡುವೆ ತಿರುಗಿಸುತ್ತ ಅದನ್ನು ಸೀಟಿಗೆ ಉಜ್ಜುವ ಕೆಲಸ ನನ್ನದು. ಸುತ್ತಲೂ ಬೂದು ಬಣ್ಣದ ಉಂಗುರ ಎಲ್ಲಿಯೂ ಕಡಿಯದೆ ಮೂಡುವವರೆಗೆ ಅಪ್ಪ ನನ್ನನ್ನು ಬಿಡಲಿಲ್ಲ.

ಎಲ್ಲ ಜೋಡಿಸಿದ ಮೇಲೆ ನನ್ನ ಇತಿಹಾಸದ ನೋಟಿನಿಂದ ಒಂದು ಹಾಳೆ ಹರಿದು ಸೈಲೆನ್ಸರಿನ ಬಾಯಿಗೆ ಹಿಡಿದರು. ವಾಲ್ವ್ ಸೋರುತ್ತಿದ್ದರೆ ಹಾಳೆಯನ್ನು ಆಗಾಗ ಒಳಕ್ಕೆ ಎಳೆದುಕೊಳ್ಳುತ್ತದೆ. ಇದು ಒಂದೇ ಸಮನೆ ಹೊರಕ್ಕೆ ಹಾರಾಡಿತು.

ಗುಜರಿಯವನು ಹೇಳಿದ ದಿನಕ್ಕೇ ಬಂದ. ಕಾರು ಆಗಲೇ ಚನ್ನಪಟ್ಟಣದ ದಾರಿ ಹಿಡಿದಿತ್ತು. ಅವನಿಗೆ ಟೀ ತರಲು ಅಪ್ಪ ನನ್ನನ್ನೇ ಕಳಿಸಿದರು.