ಸೂಟು, ಬಾಲ್ಕನಿ ಮತ್ತು ಅಮ್ಮನ ಮಂಡಿ

ನನ್ನ ಲ್ಯಾಪ್‌ಟಾಪಿನಲ್ಲಿ 'ಕ್ರೂಸ್ ಫೈನಲ್ 4' ಅಂತ ಒಂದು ಎಕ್ಸೆಲ್ ಫೈಲಿದೆ. ಹೆಸರಿನಲ್ಲಿ ಫೈನಲ್ ಅಂತಿರೋ ಯಾವ ಫೈಲೂ ಫೈನಲ್ ಅಲ್ಲ ಅನ್ನೋದು ನಮ್ಮ ಕಸುಬಿನವರಿಗೆಲ್ಲ ಗೊತ್ತು. ಅದರ ಮೊದಲ ಶೀಟು 2019ರದ್ದು. ಅಪ್ಪ, ಅಮ್ಮನನ್ನು ಸಿಂಗಾಪುರದಿಂದ ಹೊರಡೋ ಹಡಗಿನಲ್ಲಿ ಮೂರು ರಾತ್ರಿ ಕರ್ಕೊಂಡು ಹೋಗಬೇಕು ಅಂತ ಲೆಕ್ಕ ಹಾಕಿದ್ದೆ. ಆಗ ಬರೆದುಕೊಂಡ ರೂಮು 'ಇಂಟೀರಿಯರ್'. ಅಂದ್ರೆ ಹಡಗಿನ ಹೊಟ್ಟೆಯೊಳಗಿನ, ಕಿಟಕಿಯೇ ಇಲ್ಲದ, ಎಲ್ಲಕ್ಕಿಂತ ಅಗ್ಗದ ರೂಮು. 'ರೂಮಲ್ಲಿ ಯಾರು ಕೂತಿರ್ತಾರೆ, ಮಲಗೋಕೆ ತಾನೇ' ಅಂತ ಪಕ್ಕದ ಕಾಲಮ್ಮಿನಲ್ಲಿ ಷರಾ ಬೇರೆ ಬರೆದಿದ್ದೀನಿ.

ಆ ವರ್ಷ ಹೋಗಲಿಲ್ಲ. ರಿಲೀಸ್ ಇತ್ತು. ಮರುವರ್ಷ ಫೆಬ್ರುವರಿಯಲ್ಲಿ ಡೈಮಂಡ್ ಪ್ರಿನ್ಸೆಸ್ ಹಡಗನ್ನು ಜಪಾನಿನ ಯೊಕೊಹಾಮಾದಲ್ಲಿ ಕ್ವಾರಂಟೈನ್ ಮಾಡಿ ನಿಲ್ಲಿಸಿದರು. ಅದರಲ್ಲಿ 3,711 ಜನ ಇದ್ದರು. ಊರಲ್ಲಿ ಟಿವಿ ನೋಡ್ತಾ ಕೂತಿದ್ದ ಅಪ್ಪ ಫೋನ್ ಮಾಡಿ, "ಏನ್ಲಾ, ನೀನು ನಮ್ಮನ್ನ ಹತ್ತಿಸ್ತೀನಿ ಅಂದಿದ್ದು ಇಂಥದ್ದೇ ಹಡಗಾ?" ಅಂದ. ಮಾರ್ಚ್ ಹೊತ್ತಿಗೆ ಪ್ರಪಂಚದ ಕ್ರೂಸ್‌ಗಳೆಲ್ಲ ಒಂದೊಂದಾಗಿ ನಿಂತೇ ಹೋದವು.

ಎರಡನೇ ಶೀಟು 2022ರದ್ದು, ಕಿಟಕಿ ಇರೋ ರೂಮು. ಮಗಳು ಹುಟ್ಟಿದಳು, ಹೋಗಲಿಲ್ಲ. ಮೂರನೆಯದು 2023, ಬಾಲ್ಕನಿ ರೂಮು. ಕೆಲಸ ಬದಲಾಯಿಸಿದೆ, ಹೊಸ ಕಡೆ ಸೇರಿದ ತಕ್ಷಣ ರಜೆ ಕೇಳೋಕೆ ಬಾಯಿ ಬರಲಿಲ್ಲ. ನಾಲ್ಕನೇದು ಈ ವರ್ಷದ್ದು. ಅದರಲ್ಲಿ ಮೇಲುಗಡೆ ದಪ್ಪಕ್ಷರದಲ್ಲಿ 'ಸೂಟ್' ಅಂತಿದೆ. ಪ್ರತಿ ಸಲ ಮುಂದಕ್ಕೆ ಹಾಕಿದಾಗಲೂ ರೂಮು ಒಂದೊಂದು ದರ್ಜೆ ಮೇಲಕ್ಕೆ ಹೋಗಿದೆ. ನನ್ನ ಹೆಂಡತಿ ಇದನ್ನು ನೋಡಿ, "ಇದು ಬಡ್ಡಿ ಥರ ಇದೆಯಲ್ಲ" ಅಂದಳು. ನಾನು ನಕ್ಕು ಸುಮ್ಮನಾದೆ.

ಬಡ್ಡಿ ಬೆಳೆದಿದ್ದು ಅಮ್ಮನ ಮಂಡಿಯಲ್ಲಿ. 2019ರಲ್ಲಿ ಅವಳು ಶ್ರವಣಬೆಳಗೊಳದ ಬೆಟ್ಟ ಹತ್ತಿ, ಇಳಿದು, ಸಂಜೆ ಮನೆಗೆ ಬಂದು ಮುದ್ದೆ ತಿರುವಿದ್ದಳು. ಈಗ ಹಟ್ಟಿಯಿಂದ ಜಗಲಿಗೆ ಹತ್ತೋವಾಗಲೂ ಕಂಬ ಹಿಡ್ಕೋತಾಳೆ. ತುಮಕೂರಿನ ಡಾಕ್ಟರು ಎರಡೂ ಮಂಡಿಗೂ ಆಪರೇಷನ್ ಆಗಬೇಕು ಅಂದಿದ್ದಾರೆ. "ಹಡಗು ನೋಡ್ಕೊಂಡು ಬಂದು ಮಾಡಿಸ್ಕೊತೀನಿ. ಆಮ್ಯಾಕೆ ಏನಾಗುತ್ತೋ ಯಾರಿಗೊತ್ತು" ಅಂತ ಅಮ್ಮ ಅವರಿಗೆ ಹೇಳಿ ಬಂದಿದ್ದಾಳೆ. ನಾನು ಆರು ವರ್ಷದ ಹಿಂದೆ ಸುಮ್ಮನೆ ಬಾಯಿಬಿಟ್ಟ ಮಾತನ್ನು ಅವಳು ಇಷ್ಟು ದಿನ ಇಟ್ಟುಕೊಂಡಿದ್ದಾಳೆ ಅಂತ ನನಗೆ ಗೊತ್ತೇ ಇರಲಿಲ್ಲ.

ಹಾಗಾಗಿ ಸೂಟ್. ದುಡ್ಡು ಹೋದ್ರೆ ಹೋಗಲಿ.

ಸೂಟ್ ಅಂದ್ರೆ ದೊಡ್ಡ ರೂಮು, ದೊಡ್ಡ ಬಾಲ್ಕನಿ ಅಷ್ಟೇ ಅಂದ್ಕೊಂಡಿದ್ದೆ. ಓದ್ತಾ ಹೋದ ಹಾಗೆ ಅದು ಬೇರೆಯದೇ ಲೋಕ ಅಂತ ಗೊತ್ತಾಯ್ತು. ರಾಯಲ್ ಕೆರಿಬಿಯನ್‌ನವರ ದೊಡ್ಡ ಹಡಗುಗಳಲ್ಲಿ ಸ್ಟಾರ್ ಕ್ಲಾಸ್ ಅಂತಿದೆ. ಅದನ್ನು ತಗೊಂಡ್ರೆ 'ರಾಯಲ್ ಜೀನಿ' ಅಂತ ಒಬ್ಬರು ನಿಮ್ಮ ಬೇಕುಬೇಡ ನೋಡ್ಕೊಳ್ಳೋಕೆ ಇರ್ತಾರೆ. ಎಂಎಸ್‌ಸಿಯವರದು ಯಾಟ್ ಕ್ಲಬ್, ನಾರ್ವೇಜಿಯನ್‌ನವರದು ಹೇವನ್, ಸಿಂಗಾಪುರದಿಂದ ಹೊರಡೋ ಜೆಂಟಿಂಗ್ ಡ್ರೀಮ್‌ನಲ್ಲಿ ಪ್ಯಾಲೇಸ್. ಇವೆಲ್ಲ ಹಡಗಿನೊಳಗೆ ಇನ್ನೊಂದು ಹಡಗು. ಅವರದೇ ಈಜುಕೊಳ, ಅವರದೇ ಊಟದ ಮನೆ. ಮಿಕ್ಕವರಿಗೆ ಪ್ರವೇಶ ಇಲ್ಲ. ಪೆಟ್ಟಿಗೆ ಬಿಚ್ಚಿ ಬಟ್ಟೆ ಜೋಡಿಸಿಕೊಡೋಕೆ ಬಟ್ಲರ್. ಹಡಗು ಹತ್ತೋವಾಗ ಬೇರೆ ಸಾಲು. (ನಾನು ಕೊನೆಗೆ ಹಿಡಿದ ಹಡಗಿನ ಹೆಸರು ಇಲ್ಲಿ ಹೇಳೋಲ್ಲ, ಪುಕ್ಕಟೆ ಜಾಹೀರಾತು ಯಾಕೆ.)

ಇಂಗ್ಲೆಂಡಿನ ಹಳೇ ಕಂಪನಿ ಕ್ಯೂನಾರ್ಡ್‌ನ ಹಡಗುಗಳಲ್ಲಿ ಇವತ್ತಿಗೂ ನಿಮ್ಮ ರೂಮು ಯಾವ ದರ್ಜೆಯದೋ ಅದರ ಮೇಲೆ ನೀವು ಯಾವ ಊಟದ ಮನೆಯಲ್ಲಿ ಕೂರಬೇಕು ಅನ್ನೋದು ತೀರ್ಮಾನ ಆಗುತ್ತೆ. ಮೇಲಿನ ಸೂಟಿನವರು ಕ್ವೀನ್ಸ್ ಗ್ರಿಲ್, ಅದಕ್ಕಿಂತ ಕೆಳಗಿನವರು ಪ್ರಿನ್ಸೆಸ್ ಗ್ರಿಲ್, ಉಳಿದವರು ಬ್ರಿಟಾನಿಯಾ. ಕಂಪನಿಯವರು ಇದಕ್ಕೆ ಏನಾದರೂ ಚೆಂದದ ಹೆಸರು ಇಟ್ಟಿರಬಹುದು. ನಮ್ಮ ಕಡೆ ಪಂಕ್ತಿಭೇದ ಅಂತಾರೆ.

ನಾನು ಐದನೇ ಕ್ಲಾಸಿನಲ್ಲಿದ್ದಾಗ ಊರಿನ ದೊಡ್ಡ ಮನೆಯವರ ಮದುವೆಗೆ ಅಪ್ಪನ ಜೊತೆ ಹೋಗಿದ್ದೆ. ಅಪ್ಪ ನಮ್ಮ ತುಂಡು ತೋಟದ ಜೊತೆಗೆ ಅವರ ತೋಟದಲ್ಲೂ ಕಾಯಿ ಕೀಳಿಸೋದು, ಸುಲಿಸೋದು ನೋಡ್ಕೊಳ್ತಿದ್ದ. ಮೊದಲ ಪಂಕ್ತಿ ಕೂತು ಎದ್ದಿತು. ಎರಡನೆಯದೂ ಎದ್ದಿತು. ನಾನು ಚಪ್ಪರದ ಕಂಬಕ್ಕೆ ಒರಗಿ, ಎಲೆ ಎತ್ತೋದನ್ನ ನೋಡ್ತಾ ನಿಂತಿದ್ದೆ. ನಾನು ಕೂರೋಕೆ ಹೋದೆ, ಯಾರೋ ರಟ್ಟೆ ಹಿಡಿದು ಎಬ್ಬಿಸಿದರು, "ತಡೀಲಾ, ನಿಮ್ಮದು ಆಮೇಲೆ." ನಮ್ಮ ಸರದಿ ಬಂದಾಗ ಹೋಳಿಗೆ ಮುಗಿದಿತ್ತು. ಅಪ್ಪ ತನಗೆ ಬಡಿಸಿದ ಪಾಯಸವನ್ನೂ ನನ್ನ ಎಲೆಗೆ ಸುರಿದ. ದಾರಿಯಲ್ಲಿ ಅಪ್ಪ ಒಂದು ಮಾತೂ ಆಡಲಿಲ್ಲ. ಆಮೇಲೂ ನಮ್ಮಿಬ್ಬರ ಮಧ್ಯೆ ಆ ಸುದ್ದಿ ಬಂದಿಲ್ಲ. ಆದರೆ ನನ್ನ ಶೀಟಿನಲ್ಲಿ ಒಂದೊಂದು ಸವಲತ್ತಿಗೂ ಅಂಕ ಕೊಟ್ಟಿದ್ದೆನಲ್ಲ, 'ಬೇರೆ ಊಟದ ಮನೆ', 'ಹತ್ತೋವಾಗ ಬೇರೆ ಸಾಲು' ಎರಡಕ್ಕೂ ಹತ್ತಕ್ಕೆ ಹತ್ತು ಬಿದ್ದಿತ್ತು.

ಸೂಟಿನ ದರ ಬಾಲ್ಕನಿ ರೂಮಿನ ಮೂರು ಪಟ್ಟಿನ ಹತ್ತಿರ. ಎರಡು ಸೂಟ್ ತಗೊಳ್ಳೋದು ನನ್ನ ಇಎಂಐಗಳ ಮಧ್ಯೆ ಆಗದ ಮಾತು. ಹಾಗಾಗಿ ಅಪ್ಪ ಅಮ್ಮನಿಗೆ ಸೂಟು, ನಾವು ಮೂರು ಜನಕ್ಕೆ ಹಳೇ ಇಂಟೀರಿಯರ್ ಅಂತ ಪ್ಲಾನ್ ಆಯ್ತು. ಏಜೆಂಟ್ ಹುಡುಗ ಫೋನಿನಲ್ಲಿ ಕರಗಿಹೋದ. "ಸೂಪರ್ ಸರ್, ಪೇರೆಂಟ್ಸ್‌ಗೆ ಸೂಟೇ ಕೊಡಬೇಕು" ಅಂದ. ಮುಂಗಡ ಕಟ್ಟೋದಕ್ಕೆ ಮುಂಚೆ ಅವರಿಗೊಂದು ಸಲ ತೋರಿಸೋಣ ಅಂತ ಶನಿವಾರ ಊರಿಗೆ ಹೋದೆ.

ಲ್ಯಾಪ್‌ಟಾಪನ್ನು ಟಿವಿಗೆ ಸಿಕ್ಕಿಸಿ, ಆಫೀಸಲ್ಲಿ ಡೆಮೋ ಕೊಡೋ ಹಾಗೆ ಒಂದೊಂದಾಗಿ ತೋರಿಸಿದೆ. ಬಟ್ಲರ್ ಬಂದಾಗ ಅಮ್ಮನ ಮುಖ ಗಂಟಾಯ್ತು. "ನನ್ನ ಸೀರೆ ಬ್ಯಾಗನ್ನ ಅವನ್ಯಾಕೆ ಬಿಚ್ಚಬೇಕು?" ಸೇವೆ ಅಮ್ಮಾ ಅದು, ಅವನ ಕೆಲಸ ಅಂದೆ. "ಎಲ್ಲಿಯೋನೋ ಪಾಪ" ಅಂದಳು. ಅಪ್ಪನಿಗೆ ಆ ಡೈಮಂಡ್ ಪ್ರಿನ್ಸೆಸ್ ಇನ್ನೂ ನೆನಪಿತ್ತು. ಅದರಲ್ಲಿದ್ದ 138 ಭಾರತೀಯರಲ್ಲಿ 132 ಜನ ಸಿಬ್ಬಂದಿ. "ಅವತ್ತು ಟಿವೀಲಿ ಬಂದು ನಮ್ಮನ್ನ ಕರೆಸ್ಕೊಳ್ಳಿ ಅಂತ ಅಳ್ತಿದ್ರಲ್ಲ, ಅಂಥ ಹುಡುಗ್ರು ತಾನೇ?" ಅಂದ. ಹೌದು ಅಂದೆ.

ಊಟದ ಮನೆಯ ಫೋಟೋ ಬಂತು. ಬಿಳೀ ಬಟ್ಟೆ ಹಾಸಿದ ಮೇಜು, ಗಾಜಿನ ಆಚೆ ಸಮುದ್ರ. ಇದು ಸೂಟಿನವರಿಗೆ ಮಾತ್ರ ಅಂತ ಸ್ವಲ್ಪ ಗತ್ತಿನಿಂದಲೇ ಹೇಳಿದೆ.

"ನೀವೆಲ್ಲಿ ಉಣ್ತೀರಾ?" ಅಂತ ಅಪ್ಪ ಕೇಳಿದ.

"ನಮಗೆ ಕೆಳಗಡೆ ಇದೆ. ದೊಡ್ಡದು. ಅಲ್ಲೂ ಚೆನ್ನಾಗೇ ಇರುತ್ತೆ."

"ಮಗೀನೂ ಅಲ್ಲೇನಾ?"

"ಹೂಂ. ಇಲ್ಲಿಗೆ ನಮ್ಮನ್ನ ಬಿಡಲ್ಲ."

ಅಪ್ಪ ಟಿವಿಯಿಂದ ಕಣ್ಣು ತೆಗೀಲಿಲ್ಲ. "ಅಂದ್ರೆ ನಾವೊಂದು ಪಂಕ್ತಿ, ನೀವೊಂದು ಪಂಕ್ತಿ" ಅಂದ. ಕೇಳಿದ್ದೋ ಹೇಳಿದ್ದೋ ಗೊತ್ತಾಗಲಿಲ್ಲ. ಆ ಮಾತು ಅವನ ಬಾಯಲ್ಲಿ ಬರುತ್ತೆ ಅಂತ ನಾನು ಅಂದ್ಕೊಂಡಿರಲಿಲ್ಲ. ನನಗೆ ಮುಂದಿನ ಸ್ಲೈಡ್ ಒತ್ತೋಕೆ ಒಂದು ಗಳಿಗೆ ಬೇಕಾಯ್ತು.

ಮುಂದಿನದು ಬಚ್ಚಲು. ಅಮೃತಶಿಲೆಯ ಥರದ ಗೋಡೆ, ಬಿಳೀ ಬಾತ್‌ಟಬ್ಬು, ಅದರ ಮೇಲೇ ಷವರ್ರು. ಅಮ್ಮ ಕನ್ನಡಕ ಹಾಕ್ಕೊಂಡು ಹತ್ತಿರ ಬಂದು ನೋಡಿದಳು. "ನೀರು ಹುಯ್ಕೊಬೇಕು ಅಂದ್ರೆ ಈ ತೊಟ್ಟಿಯೊಳಕ್ಕೆ ಕಾಲೆತ್ತಿ ಇಳೀಬೇಕೇನೋ?" ಅಂದಳು. ಹೌದು. "ಹಿಡ್ಕೊಳಾಕೆ ಏನೈತೆ?" ಫೋಟೋದಲ್ಲಿ ಹಿಡ್ಕೊಳ್ಳೋಕೆ ಏನೂ ಇರಲಿಲ್ಲ. ಒಂದು ಹೂದಾನಿ ಇತ್ತು.

ನಲವತ್ತೆರಡು ಸಾಲಿನ ಶೀಟು ಮಾಡಿದ್ದೆ. ದಿಂಬಿನ ನಮೂನೆಗೂ ಒಂದು ಸಾಲಿತ್ತು. ಮಂಡಿ ನೋವಿಗೋಸ್ಕರ ತಗೊಳ್ಳೋ ರೂಮಿನಲ್ಲಿ ಸ್ನಾನಕ್ಕೆ ಎಷ್ಟು ಎತ್ತರ ಕಾಲೆತ್ತಬೇಕು ಅನ್ನೋ ಸಾಲು ಇರಲಿಲ್ಲ. ಸೋಮವಾರ ಏಜೆಂಟ್‌ಗೆ ಕೇಳಿದರೆ, "ಸರ್, ಸೂಟ್ ಅಂದ್ಮೇಲೆ ಟಬ್ ಇರಲೇಬೇಕಲ್ವಾ?" ಅಂತ ನನಗೇ ಸಮಾಧಾನ ಹೇಳಿದ.

ಅಲ್ಲಿಂದ ಹೊಸದಾಗಿ ಓದೋಕೆ ಶುರು ಮಾಡಿದೆ. ಅಪ್ಪ ಅಮ್ಮನನ್ನು ಕರ್ಕೊಂಡು ಹೋಗೋ ಯೋಚನೆ ನಿಮಗೂ ಇದ್ದರೆ ಇದು ಉಪಯೋಗಕ್ಕೆ ಬರಬಹುದು. ಹಡಗಿನ ಮಾಮೂಲಿ ರೂಮುಗಳಲ್ಲೂ ಬಚ್ಚಲಿಗೆ, ಬಾಲ್ಕನಿಗೆ ಎತ್ತರದ ಹೊಸ್ತಿಲು ಇರುತ್ತೆ, ನೀರು ಈಚೆಗೆ ಬರಬಾರದು ಅಂತ. ರಾತ್ರಿ ಎಡವೋದು ಅಲ್ಲೇ. 'ಆಕ್ಸೆಸಿಬಲ್' ಅಂತ ಬೇರೆ ರೂಮುಗಳಿವೆ. ಸಮತಟ್ಟಾದ ನೆಲ, ಗೋಡೆಗೆ ಹಿಡಿ, ಕೂತು ನೀರು ಹಾಕ್ಕೊಳ್ಳೋಕೆ ಮಡಚೋ ಪೀಠ, ಅಗಲ ಬಾಗಿಲು. ಬೇರೆ ರೂಮಿಗಿಂತ ದೊಡ್ಡದೂ ಇರುತ್ತೆ, ಗಾಲಿಕುರ್ಚಿ ತಿರುಗಬೇಕಲ್ಲ. ದರ ಅದೇ ದರ್ಜೆಯ ಮಾಮೂಲಿ ರೂಮಿನದೇ. ಆದರೆ ಇಂಥವು ಹಡಗಿಗೆ ಕೆಲವೇ ಕೆಲವು. ದೊಡ್ಡ ರೂಮು ಸಿಗುತ್ತೆ ಅಂತ ಗಟ್ಟಿಮುಟ್ಟಾಗಿರೋರು ಹಿಡಿದುಬಿಟ್ಟರೆ ನಿಜಕ್ಕೂ ಬೇಕಾದವರಿಗೆ ಇರೋಲ್ಲ. ಅದಕ್ಕೇ ಫಾರಂ ತುಂಬಿಸ್ಕೊಳ್ತಾರೆ. ಕೋಲು ಹಿಡಿದು ನಡೆಯೋ ಅಮ್ಮನಿಗೆ ಸಿಗುತ್ತಾ ಅಂತ ಮುಂಚೆಯೇ ಬಿಡಿಸಿ ಕೇಳಿದೆ. ಡಾಕ್ಟರ ಚೀಟಿ ಕಳಿಸಿ ಅಂದರು, ಕಳಿಸಿದೆ, ಒಪ್ಪಿದರು.

ಇನ್ನು ಜಾಗ. ಮೇಲಿದ್ದಷ್ಟೂ ದರ ಜಾಸ್ತಿ. ಆದರೆ ಅಲೆಗೆ ಜಾಸ್ತಿ ತೂಗೋದೂ ಮೇಲಿನ ಅಂತಸ್ತುಗಳು ಮತ್ತು ಎರಡು ತುದಿಗಳೇ. ಕೆಎಸ್ಆರ್‌ಟಿಸಿ ಬಸ್ಸಿನ ಕಡೇ ಸೀಟಲ್ಲಿ ಕೂತೋರಿಗೆ ಇದನ್ನು ವಿವರಿಸಬೇಕಿಲ್ಲ. ನಡುಭಾಗ ವಾಸಿ. ಲಿಫ್ಟಿಗೂ ಹತ್ತಿರ, ಮುನ್ನೂರು ಮೀಟರಿಗೂ ಉದ್ದದ ಹಡಗಿನಲ್ಲಿ ಒಂದು ತುದಿಯಿಂದ ಊಟಕ್ಕೆ ನಡೆಯೋದು ಅಂದ್ರೆ ಅಮ್ಮನಿಗೆ ಅದೇ ಒಂದು ಬೆಟ್ಟ. ಈಜುಕೊಳದ ಕೆಳಗಿನ ರೂಮು ಬೇಡ, ಬೆಳಗಿನ ಜಾವ ಕುರ್ಚಿ ಎಳೆಯೋ ಸದ್ದು. ಮೇಲೂ ಕೆಳಗೂ ರೂಮುಗಳೇ ಇರೋ ಅಂತಸ್ತು ನೋಡ್ಕೊಳ್ಳಿ. ಅಗ್ಗಕ್ಕೆ 'ಗ್ಯಾರಂಟಿ' ಅಂತ ಕೊಡ್ತಾರೆ, ಅದರಲ್ಲಿ ರೂಮು ಆರಿಸೋದು ಅವರು, ನೀವಲ್ಲ. ಒಬ್ಬರೇ ಹೋಗೋರಿಗೆ ಪರವಾಗಿಲ್ಲ.

ದಾರಿಯನ್ನೂ ಬದಲಾಯಿಸಿದೆ. ಮೊದಲು ಫುಕೆಟ್ ಹಾಕಿದ್ದೆ. ಅಲ್ಲಿ ದೊಡ್ಡ ಹಡಗುಗಳು ಹೆಚ್ಚಾಗಿ ದೂರದಲ್ಲೇ ಲಂಗರು ಹಾಕಿ, ಜನರನ್ನು ಸಣ್ಣ ದೋಣಿಗೆ ಇಳಿಸಿ ದಡ ಸೇರಿಸ್ತವೆ. ಅಲ್ಲಾಡೋ ದೋಣಿಗೆ ಕಾಲಿಡೋದು ಅಮ್ಮನಿಂದ ಆಗೋ ಕೆಲಸ ಅಲ್ಲ. ಪೆನಾಂಗ್‌ನಲ್ಲಿ ಹಡಗು ಸ್ವೆಟೆನ್‌ಹ್ಯಾಮ್ ಕಟ್ಟೆಗೇ ಬಂದು ನಿಲ್ಲುತ್ತೆ, ಇಳಿದರೆ ಜಾರ್ಜ್‌ಟೌನ್. ಅಲ್ಲಿ 1833ರ ಮಹಾಮಾರಿಯಮ್ಮನ ಗುಡಿ ಇದೆ ಅಂದೆ. "ನಮ್ಮ ಮಾರಮ್ಮನೇ ಅಲ್ಲಿಗೂ ಹೋಗವ್ಳಾ?" ಅಂತ ಅಮ್ಮ ಎದ್ದು ಕೂತಳು. ಹಡಗಿನ ಬಗ್ಗೆ ಅವಳು ತಾನಾಗಿಯೇ ಕೇಳಿದ ಮೊದಲನೇ ಖುಷಿಯ ಪ್ರಶ್ನೆ ಅದು. ವೀಸಾ ತಾಪತ್ರಯ ದೊಡ್ಡದಿಲ್ಲ. ಹಡಗಲ್ಲಿ ಹೊರಗೆ ಹೋಗಿ ಮತ್ತೆ ಬರೋದರಿಂದ ಸಿಂಗಾಪುರದ್ದು ಮಲ್ಟಿಪಲ್ ಎಂಟ್ರಿ ಇರಬೇಕು, ಅದನ್ನೊಂದು ನೋಡ್ಕೊಳ್ಳಿ. ಮಲೇಷ್ಯಾದವರು 2023ರ ಡಿಸೆಂಬರ್‌ನಿಂದ ನಮಗೆ ವೀಸಾ ಕೇಳ್ತಿಲ್ಲ.

ಕೊನೆಗೆ ತಗೊಂಡಿದ್ದು ಎರಡು ಬಾಲ್ಕನಿ ರೂಮು, ಅಕ್ಕಪಕ್ಕ, ಒಂಬತ್ತನೇ ಅಂತಸ್ತು, ನಡುಭಾಗ. ಒಂದು ಆಕ್ಸೆಸಿಬಲ್, ಒಂದು ಮಾಮೂಲಿ. ಎರಡೂ ಸೇರಿದರೂ ಒಂದು ಸೂಟಿಗಿಂತ ಕಡಿಮೆಯೇ. ಬಾಲ್ಕನಿಗಳ ಮಧ್ಯದ ತಡಿಕೆ ತೆಗೆಯೋಕೆ ಬಂದ್ರೆ ತೆಗೆಸಿಕೊಡ್ತೀವಿ ಅಂದಿದ್ದಾರೆ, ನೋಡಬೇಕು. ಊಟ ದೊಡ್ಡ ಊಟದ ಮನೆಯಲ್ಲಿ, ಐದು ಜನಕ್ಕೆ ಒಂದೇ ಮೇಜು.

ಪ್ರಯಾರಿಟಿ ಬೋರ್ಡಿಂಗ್ ಬಿಟ್ಟುಕೊಟ್ಟಿದ್ದಕ್ಕೆ ನನಗೆ ಇವತ್ತೂ ಒಳಗೊಳಗೇ ಬೇಜಾರಿದೆ, ಸುಳ್ಳು ಯಾಕೆ ಹೇಳಲಿ. ಅಪ್ಪ ಎಲ್ಲರಿಗಿಂತ ಮುಂದೆ ಹತ್ತೋದನ್ನ ನೋಡಬೇಕಿತ್ತು. ಗಾಲಿಕುರ್ಚಿ ಬೇಕು ಅಂತ ಫಾರಂನಲ್ಲಿ ಗುರುತು ಹಾಕಿದರೆ ಅಮ್ಮನ ಜೊತೆಗೆ ನಮ್ಮನ್ನೂ ಬೇರೆ ಸಾಲಿನಲ್ಲಿ ಬೇಗ ಬಿಡ್ತಾರೆ ಅಂತ ಏಜೆಂಟ್ ಹೇಳಿದ. ಅಮ್ಮನನ್ನು ಕೇಳಿದೆ. ಸ್ವಲ್ಪ ಹೊತ್ತು ಯೋಚನೆ ಮಾಡಿ, "ಬಂದರಿನ ತಂಕ ಕೂತ್ಕೊತೀನಿ, ಹಡಗಿನ ಬಾಗ್ಲಲ್ಲಿ ಎದ್ದು ನಡ್ಕೊಂಡೇ ಹತ್ತೋಳು ನಾನು, ಹಂಗಂತ ಬರಿ" ಅಂದಳು. ಫಾರಂನಲ್ಲಿ ಅಂಥ ಕಾಲಂ ಇಲ್ಲ. 'ಇತರೆ' ಅನ್ನೋ ಜಾಗದಲ್ಲಿ ಬರೆದು ಕಳಿಸಿದ್ದೀನಿ.

ಹೊರಡೋಕೆ ಇನ್ನು ಏಳು ವಾರ. ಹೋದ ಸಲ ಊರಿಗೆ ಹೋದಾಗ ಅಪ್ಪ ಒಂಬತ್ತನೇ ಅಂತಸ್ತಿನ ನಕ್ಷೆಯ ಪ್ರಿಂಟ್ ಕೇಳಿ ಇಸ್ಕೊಂಡ. ನಾಲ್ಕು ಮಡಿಕೆ ಮಾಡಿ ಅಂಗಿ ಜೇಬಲ್ಲಿ ಇಟ್ಕೊಂಡಿದ್ದಾನೆ. ಮೊನ್ನೆ ಟೀ ಅಂಗಡಿಯಲ್ಲಿ ಅದನ್ನು ಮೇಜಿನ ಮೇಲೆ ಹರವಿ, ಎರಡು ಚೌಕಗಳ ಮೇಲೆ ಬೆರಳಿಟ್ಟು, "ಇದು ನಾವು, ಇದು ಹುಡುಗ್ರು. ಗೋಡೆ ತಟ್ಟಿದ್ರೆ ಕೇಳುತ್ತೆ" ಅಂತ ತೋರಿಸ್ತಿದ್ದನಂತೆ.