ನಮ್ಮನೇಲಿ ಎರಡು ಥರ್ಮಾಮೀಟರು

ಮೊದಲೇ ಹೇಳಿಬಿಡ್ತೀನಿ, ನಾನು ಶುರುವಿಂದಲೂ ಇಂಗ್ಲಿಷ್ ಮೀಡಿಯಂ. ಕನ್ನಡ ಇದ್ದದ್ದು ಸೆಕೆಂಡ್ ಲ್ಯಾಂಗ್ವೇಜ್ ಆಗಿ. ಒತ್ತಕ್ಷರ ತಪ್ಪಿದ್ದರೆ ಬಯ್ಯಬೇಡಿ.

ನಮ್ಮೂರು ಹುಣಸೂರಿನಿಂದ ಪಿರಿಯಾಪಟ್ಟಣಕ್ಕೆ ಹೋಗೋ ದಾರಿಯಲ್ಲಿದೆ. ಹುಣಸೂರು, ಪಿರಿಯಾಪಟ್ಟಣ, ಎಚ್.ಡಿ. ಕೋಟೆ ಅಂದ್ರೆ ವರ್ಜೀನಿಯಾ ಹೊಗೆಸೊಪ್ಪು. ಕೆ.ಆರ್. ನಗರದಲ್ಲಿರೋ ನಮ್ಮ ಸೋದರಮಾವನದು ಭತ್ತದ ಗದ್ದೆ. ಅವರು ನಮ್ಮನ್ನ "ನಿದ್ದೆಗೆಟ್ಟ ಜನ" ಅಂತ ರೇಗಿಸ್ತಾರೆ. ಸುಳ್ಳಲ್ಲ. ಸೊಪ್ಪು ಮುರಿದು, ಕಡ್ಡಿಗೆ ಕಟ್ಟಿ, ಬ್ಯಾರನ್‌ಗೆ ತುಂಬಿದ ಮೇಲೆ ಐದಾರು ದಿನ ಹಗಲೂ ರಾತ್ರಿ ಒಲೆ ಕಾಯಬೇಕು. ಶುರುವಿಗೆ 90–100 ಡಿಗ್ರಿ ಇಟ್ಟು ಬಣ್ಣ ತರಿಸ್ಬೇಕು, ಆಮೇಲೆ ಸ್ವಲ್ಪ ಸ್ವಲ್ಪ ಏರಿಸ್ತಾ ಎಲೆ ಒಣಗಿಸಿ, ಕೊನೆಗೆ ನಡುವಿನ ದಂಟು ಒಣಗೋಕೆ 160ರವರೆಗೆ. ಎಲ್ಲಾ ಫ್ಯಾರನ್‌ಹೀಟ್. ಅವಸರ ಮಾಡಿ ಬೆಂಕಿ ಜಾಸ್ತಿ ಕೊಟ್ರೆ ಸೊಪ್ಪಿನ ಬಣ್ಣ ಕೆಡುತ್ತೆ, ಬಣ್ಣ ಕೆಟ್ರೆ ಹರಾಜಿನಲ್ಲಿ ರೇಟೂ ಕೆಡುತ್ತೆ.

ಹೋದ ವರ್ಷ ಕಟ್ಟೆಮಳಲವಾಡಿ ಹರಾಜಿನಲ್ಲಿ ನಮ್ಮ ಸೊಪ್ಪಿಗೆ ಪರವಾಗಿಲ್ಲ ಅನ್ನೋ ರೇಟ್ ಸಿಕ್ತು. ಆ ದುಡ್ಡಲ್ಲಿ ಅಪ್ಪ ನನಗೆ ಕಂಪ್ಯೂಟರ್ ಕೊಡಿಸಿದ್ರು. ಲ್ಯಾಪ್‌ಟಾಪ್ ಬೇಡ, ಬಿಡಿಭಾಗ ತಂದು ನಾನೇ ಜೋಡಿಸ್ತೀನಿ ಅಂತ ಹಠ ಹಿಡಿದವನು ನಾನು. ಬೆಂಗಳೂರಿನ ಎಸ್.ಪಿ. ರೋಡ್‌ನಲ್ಲಿ ಒಂದು ದಿನ ಪೂರ್ತಿ ಅಲೆದು ಐ5-12400 ಪ್ರೊಸೆಸರ್, ಬೋರ್ಡ್, 16 ಜಿಬಿ ರ‍್ಯಾಮ್, ಕ್ಯಾಬಿನೆಟ್ ಎಲ್ಲಾ ತಂದೆ. ಮಾನಿಟರ್ ಬಿಟ್ಟು 38 ಸಾವಿರ. "ಜೋಡಿಸೋ ಕೂಲಿ ಉಳೀತಲ್ಲ ಅಪ್ಪಾಜಿ" ಅಂತ ಜಂಬದಲ್ಲಿ ಬೇರೆ ಹೇಳಿದ್ದೆ.

ಮೊದಲನೇ ವಾರಾನೇ ಅದು ತಾನಾಗೇ ಆಫ್ ಆಗೋಕೆ ಶುರುವಾಯ್ತು. ಆನ್ ಮಾಡಿ ಐದು ನಿಮಿಷಕ್ಕೆ ಪ್ರೊಸೆಸರ್ 100 ಡಿಗ್ರಿ ಸೆಲ್ಸಿಯಸ್. ಈ ಪ್ರೊಸೆಸರ್‌ಗೆ ಅದೇ ಗಡಿ. ಅಲ್ಲಿಗೆ ಮುಟ್ಟಿದ್ರೆ ಸುಟ್ಟುಹೋಗದೇ ಇರಲಿ ಅಂತ ತಾನೇ ವೇಗ ಇಳಿಸಿಕೊಳ್ಳುತ್ತೆ, ಅದಕ್ಕೂ ಬಗ್ಗದಿದ್ರೆ ಆಫ್. 4 ಗಿಗಾಹರ್ಟ್ಸ್ ದಾಟಿ ಓಡಬೇಕಾದದ್ದು 1ಕ್ಕಿಂತ ಕೆಳಗೆ ತೆವಳ್ತಿತ್ತು. ಮೌಸ್ ಅಲ್ಲಾಡಿಸಿದ್ರೂ ತಡವರಿಸ್ತಿತ್ತು.

"ಯಾಕ್ಲಾ ಕಂಪ್ಯೂಟ್ರು ಆಫಾಯ್ತು?" ಅಂತ ಅಪ್ಪ ಕೇಳಿದಾಗ, "ಕರೆಂಟ್ ಸರಿಯಿಲ್ಲ" ಅಂದುಬಿಟ್ಟೆ. ಜೋಡಿಸಿದವನು ನಾನೇ ತಾನೆ, ಇನ್ನೇನು ಹೇಳ್ಲಿ?

ಫ್ಯಾನ್ ಜೋರಾಗೇ ತಿರುಗ್ತಿತ್ತು. ಕ್ಯಾಬಿನೆಟ್ ಪಕ್ಕದ ಬಾಗಿಲು ತೆಗೆದೆ, ಟೇಬಲ್ ಫ್ಯಾನ್ ತಂದು ನೇರ ಅದಕ್ಕೇ ತಿರುಗಿಸಿದೆ. ಏನೂ ಬದಲಾಗಲಿಲ್ಲ. ಥರ್ಮಲ್ ಪೇಸ್ಟ್ ಸರಿಯಾಗಿ ಹಚ್ಚಿಲ್ಲ ಅನ್ಕೊಂಡು ಮೆಡಿಕಲ್ ಸ್ಟೋರಿಂದ ಸ್ಪಿರಿಟ್ ತಂದು ಹಳೇದನ್ನ ಒರೆಸಿದೆ. ಒಂದು ಕಡಲೆಕಾಳಿನಷ್ಟು ಸಾಕು ಅಂತಾರೆ, ನಾನು ಭಯಕ್ಕೆ ದೋಸೆಗೆ ಚಟ್ನಿ ಸವರಿದ ಹಾಗೆ ಸವರಿದೆ. ಹಳೇ ಪೇಸ್ಟ್ ಒಂದು ಮೂಲೇಲಿ ದಪ್ಪಗೆ ಹಾಗೇ ನಿಂತಿತ್ತು. ಅದನ್ನ ನೋಡಿದ್ದೆ, ಆದ್ರೆ ಯಾಕೆ ಅಂತ ಯೋಚನೆ ಮಾಡದೆ ಒರೆಸಿ ಬಿಸಾಕಿದ್ದೆ.

ಮಾರನೇ ದಿನ ಅಪ್ಪ ಫೋನಲ್ಲಿ ಯಾರಿಗೋ ಯುಪಿಎಸ್ ರೇಟ್ ಕೇಳ್ತಿದ್ರು. ನಾಲ್ಕು ಸಾವಿರ. ಅದೇ ವಾರ ಸೌದೆಗೂ ಸೊಪ್ಪು ಮುರಿಯೋ ಆಳುಗಳಿಗೂ ದುಡ್ಡು ಹೊಂದಿಸೋಕೆ ಅಮ್ಮ ಸಂಘದಲ್ಲಿ ಸಾಲ ತಗೊಂಡಿದ್ರು. ನನ್ನ ಒಂದು ಸುಳ್ಳಿಗೆ ನಾಲ್ಕು ಸಾವಿರ. ಅವತ್ತು ಊಟ ಸೇರಲಿಲ್ಲ.

ರಾತ್ರಿ ಒಲೆಗೆ ಸೌದೆ ಹಾಕಿ ನೀರು ಕುಡಿಯೋಕೆ ಒಳಗೆ ಬಂದ ಅಪ್ಪ ನನ್ನ ಹಿಂದೆ ನಿಂತು ಸ್ಕ್ರೀನ್ ನೋಡಿದ್ರು.

"ಅದೇನು ಕೆಂಪಗೆ ನೂರು ಅಂತದೆ?"

"ಶಾಖ."

"ಅಷ್ಟೇನಾ? ನಮ್ಮ ಬ್ಯಾರನ್ನು ನೂರ ನಲವತ್ತರಲ್ಲದೆ."

"ಇದು ಸೆಲ್ಸಿಯಸ್ ಅಪ್ಪಾಜಿ. ನಿಮ್ಮ ಲೆಕ್ಕದಲ್ಲಿ 212."

ಅಪ್ಪ ಗಾಬರಿಯಾದ್ರು. "ಅಷ್ಟು ಕಾದ್ರೆ ಸೊಪ್ಪೆಲ್ಲಾ ಕರಕಲಾಗೋದು!" ಅಂದವರೇ, ನಾನು ಬೇಡ ಅನ್ನೋಷ್ಟರಲ್ಲಿ ಕೈ ಹಾಕಿ ಪ್ರೊಸೆಸರ್ ಮೇಲಿನ ಹೀಟ್‌ಸಿಂಕ್ ಅಂಚು ಮುಟ್ಟಿದ್ರು. "ಇದು ತಣ್ಗದಲ್ಲೋ ಮಗ."

ನಾನೂ ಮುಟ್ಟಿದೆ. ನಿಜವಾಗ್ಲೂ ತಣ್ಣಗಿತ್ತು.

"ಪೈಪಿಗೆ ಬೂದಿ ಕಟ್ಕೊಂಡ್ರೆ ಹಿಂಗೇಯ. ಒಲೆ ಎಷ್ಟು ಉರುದ್ರೂ ಆ ಮೂಲೆ ಸೊಪ್ಪು ಹಸಿಯಾಗೇ ಇರ್ತದೆ. ಶಾಖ ಎಲ್ಲೋ ನಿಂತ್ಕಂಡದೆ, ನೋಡು" ಅಂತ ಹೇಳಿ ಅಪ್ಪ ಮತ್ತೆ ಬ್ಯಾರನ್ ಕಡೆ ಹೋದ್ರು.

ಒಂದು ವಾರದಿಂದ ನಾನು ನೋಡಿದ್ದು ಸ್ಕ್ರೀನ್ ಮೇಲಿನ ನಂಬರ್ ಒಂದನ್ನೇ. ಕೆಳಗೆ ಚಿಪ್ 100 ಡಿಗ್ರಿ, ಅದರ ಮೇಲೇ ಕೂತ ಅಲ್ಯೂಮಿನಿಯಂ ತಣ್ಣಗೆ. ಅಂದ್ರೆ ಎರಡೂ ಒಂದಕ್ಕೊಂದು ತಾಗೇ ಇಲ್ಲ. ಫ್ಯಾನ್ ಎಷ್ಟು ತಿರುಗಿದ್ರೇನು, ಅದು ತಣ್ಣಗಿರೋ ಲೋಹಕ್ಕೇ ಗಾಳಿ ಬೀಸ್ತಿತ್ತು.

ಕ್ಯಾಬಿನೆಟ್‌ನ ಹಿಂಬದಿಯ ಬಾಗಿಲನ್ನ ನಾನು ತೆಗೆದೇ ಇರಲಿಲ್ಲ, ವೈರೆಲ್ಲಾ ಅಲ್ಲಿ ತುರುಕಿದ್ದೆ. ಪ್ಲಗ್ ಕಿತ್ತು, ಅದನ್ನ ತೆಗೆದು ಮೊಬೈಲ್ ಟಾರ್ಚ್ ಬಿಟ್ಟೆ. ಇಂಟೆಲ್ ಜೊತೆ ಬರೋ ಕೂಲರ್‌ಗೆ ನಾಲ್ಕು ಪ್ಲಾಸ್ಟಿಕ್ ಪಿನ್ನು. ಬೋರ್ಡಿನ ತೂತಲ್ಲಿ ಇಳಿದು ಆ ಕಡೆ ಕಪ್ಪು ತುದಿ ಕಾಣಬೇಕು. ಮೂರು ಕಾಣ್ತಿತ್ತು. ನಾಲ್ಕನೇದರ ಕಾಲು ತೂತಿಗೆ ಇಳಿಯದೆ ಮಡಚಿಕೊಂಡು ಬಿದ್ದಿತ್ತು. ಪೇಸ್ಟ್ ದಪ್ಪಗೆ ನಿಂತಿದ್ದ ಮೂಲೆಯೂ ಅದೇ. ಜೋಡಿಸೋವಾಗ ಬೋರ್ಡ್ ಮುರಿದೀತು ಅಂತ ಹೆದರಿ ಮೆಲ್ಲಗೆ ಒತ್ತಿದ್ದೆ, "ಟಿಕ್" ಅಂತ ಮೂರೇ ಸಲ ಕೇಳಿದ್ದು ನೆನಪಾಯ್ತು.

ಬೋರ್ಡ್ ಪೂರ್ತಿ ಹೊರಗೆ ತೆಗೆದು, ಮಡಚಿದ ಕಾಲನ್ನ ಉಗುರಿಂದ ನೆಟ್ಟಗೆ ಮಾಡಿ, ಈ ಸಲ ಕಡಲೆಕಾಳಿನಷ್ಟೇ ಪೇಸ್ಟ್ ಹಾಕಿ, ಎದುರುಬದುರು ಮೂಲೆಗಳನ್ನ ಜೋಡಿಯಾಗಿ ಒತ್ತಿದೆ. ನಾಲ್ಕು ಟಿಕ್. ಎಣಿಸಿದೆ. ಮತ್ತೆ ಹಿಂದಿನಿಂದ ಟಾರ್ಚ್ ಬಿಟ್ಟು ನೋಡಿದೆ.

38 ಡಿಗ್ರಿ. ಕೆಲಸ ಕೊಟ್ಟು ಅರ್ಧ ಗಂಟೆ ಓಡಿಸಿದ್ರೂ 72 ದಾಟಲಿಲ್ಲ. ಅಪ್ಪನ ಲೆಕ್ಕದಲ್ಲಿ 160ರ ಹತ್ತಿರ. ಹೆಚ್ಚೂ ಕಮ್ಮಿ ಬ್ಯಾರನ್‌ದೇ ಕೊನೇ ಶಾಖ. ಆ ಕಾಲು ಒಂದು ಸಲ ಮಡಚಿದ್ದರಿಂದ ಎಷ್ಟು ದಿನ ತಡೆಯುತ್ತೋ ನಂಬಿಕೆ ಇಲ್ಲ, ಸ್ಕ್ರೂ ಇರೋ ಕೂಲರ್ ಒಂದು ತಗೋಬೇಕು. ಈ ಸಲ ನನ್ನ ದುಡ್ಡಲ್ಲಿ.

ರಾತ್ರಿ ಎರಡು ಗಂಟೆಗೆ ಬ್ಯಾರನ್ ಹತ್ರ ಹೋದೆ. ಅಪ್ಪ ಒಲೆ ಮುಂದೆ ಗೋಣಿಚೀಲ ಹಾಸ್ಕೊಂಡು ಕೂತಿದ್ರು. ಗಾಜಿನ ಕಿಂಡಿಯಲ್ಲಿ ಬ್ಯಾಟರಿ ಬಿಟ್ಟು ಥರ್ಮಾಮೀಟರ್ ನೋಡಿದೆ, 142. ಎರಡು ಸೌದೆ ಹಾಕಿದೆ.

"ಅಪ್ಪಾಜಿ, ಯುಪಿಎಸ್ ಬೇಡ. ಅದು ಕರೆಂಟಿಂದಲ್ಲ ಆಫ್ ಆಗ್ತಿದ್ದಿದ್ದು. ನಾನೇ ಸರಿಯಾಗಿ ಕೂರಿಸಿರಲಿಲ್ಲ."

"ಗೊತ್ತಿತ್ತು ಕಣ್ಲಾ" ಅಂದ್ರು ಅಪ್ಪ, ಗೋಣಿಚೀಲದಲ್ಲಿ ನನಗೂ ಸ್ವಲ್ಪ ಜಾಗ ಬಿಡ್ತಾ. "ಅದು ಆಫಾದಾಗ ಬಲ್ಬು ಉರೀತಾನೇ ಇತ್ತಲ್ಲ."