ಮುಚ್ಚಿದ ಎಲೆ

ಇಸ್ಪೀಟಿನ ವಿಷಯವನ್ನೆತ್ತಿಕೊಂಡು ಕಾಲೇಜಿನ ವಾರ್ಷಿಕ ಸಂಚಿಕೆಗೆ ಬರೆಯಹೊರಟಿರುವ ನನ್ನನ್ನು ಗುರುಗಳು ಕ್ಷಮಿಸಬೇಕು. ನಾನು ಜೂಜುಕೋರನಲ್ಲ. ದೀಪಾವಳಿಯ ರಾತ್ರಿ ಹುಣಿಸೆಬೀಜ ಪಣವಿಟ್ಟು ಆಡಿದ್ದಷ್ಟೇ ನನ್ನ ಅನುಭವ. ಆದರೆ ಈಚೆಗೆ ಹಾಸ್ಟೆಲಿನ ಗೆಳೆಯನೊಬ್ಬನ ಲ್ಯಾಪ್‌ಟಾಪಿನಲ್ಲಿ ನೋಡಿದ ‘ದಿ ಸಿನ್ಸಿನಾಟಿ ಕಿಡ್’ ಎಂಬ 1965ರ ಅಮೆರಿಕನ್ ಚಿತ್ರ ನನ್ನ ನಿದ್ದೆ ಕೆಡಿಸಿತು.

ಕಥೆ 1930ರ ದಶಕದ ನ್ಯೂ ಆರ್ಲಿಯನ್ಸ್ ನಗರದ್ದು. ಸ್ಟೀವ್ ಮೆಕ್ವೀನ್ ‘ಕಿಡ್’ ಎಂದು ಹೆಸರಾದ ತರುಣ, ಎಡ್ವರ್ಡ್ ಜಿ. ರಾಬಿನ್‌ಸನ್ ಆ ಆಟದ ಹಳೆಯ ಹುಲಿ, ಲ್ಯಾನ್ಸಿ. ಪೋಕರಿನ ಈ ಬಗೆಯಲ್ಲಿ ತಲೆಗೆ ಐದು ಎಲೆ. ಒಂದು ಮುಚ್ಚಿರುತ್ತದೆ, ಉಳಿದ ನಾಲ್ಕು ಎಲ್ಲರಿಗೂ ಕಾಣುವಂತೆ ಒಂದೊಂದಾಗಿ ಬೀಳುತ್ತವೆ. ತೆರೆದ ಎಲೆ ಬಿದ್ದಾಗಲೆಲ್ಲ ಪಣ. ಎದುರಾಳಿಯ ಪಣಕ್ಕೆ ಸರಿಗಟ್ಟಲು ಹೆದರಿದವನು ಎಲೆ ಕೆಳಗಿಟ್ಟು ಸೋಲೊಪ್ಪಬೇಕು.

ಇಲ್ಲಿಯೇ ಬ್ಲಫ್ ಹುಟ್ಟುವುದು. ನಡುವೆ 100 ರೂಪಾಯಿ ಬಿದ್ದಿದೆಯೆನ್ನಿ. ಕೆಟ್ಟ ಎಲೆ ಹಿಡಿದವನೊಬ್ಬ ಇನ್ನೂ 100 ಒಡ್ಡುತ್ತಾನೆ. ಎರಡು ಸಲದಲ್ಲಿ ಒಂದು ಸಲ ನಾನು ಹೆದರಿದರೂ ಅವನಿಗೆ ನಷ್ಟವಿಲ್ಲ. ನಾನಾದರೋ 200ರ ಆಸೆಗೆ 100 ಹಾಕುವವನು. ಮೂರರಲ್ಲಿ ಒಂದು ಸಲ ಗೆದ್ದರೂ ಅಸಲಿಗೆ ಮೋಸವಿಲ್ಲ. ಎಂದೂ ಹುಸಿಯಾಡದವನ ಪಣಕ್ಕೆ ಯಾರೂ ಹಣ ಕಟ್ಟರು. ಯಾವಾಗಲೂ ಹುಸಿಯಾಡುವವನಿಗೆ ಯಾರೂ ಹೆದರರು.

ಚಿತ್ರದ ಕೊನೆಯ ಕೈಯಲ್ಲಿ ಕಿಡ್‌ನಿಗೆ ಬಂದದ್ದು ಮೂರು ಎಕ್ಕ, ಎರಡು ಹತ್ತು. ಲ್ಯಾನ್ಸಿಯ ಮುಂದೆ ಡೈಮಂಡಿನ ಎಂಟು, ಒಂಬತ್ತು, ಹತ್ತು, ರಾಣಿ. ಕಿಡ್ ಸೋಲಬೇಕಾದರೆ ಮುಚ್ಚಿದ ಎಲೆ ಡೈಮಂಡ್ ಗುಲಾಮನೇ ಆಗಿರಬೇಕು. ಕಿಡ್‌ನ ಕಣ್ಣಿಗೆ ಬೀಳದ ಎಲೆಗಳು 43. ಅವುಗಳಲ್ಲಿ ಅದು ಒಂದು. ಲ್ಯಾನ್ಸಿ ಪಣ ಏರಿಸಿದ. ಕೈಯಲ್ಲಿದ್ದ ಹಣ ಮುಗಿದು ಕಿಡ್ ಸಾಲದ ಮೇಲೆ ಆಡಿದ. ಎಲೆ ತಿರುಗಿತು. ಗುಲಾಮ!

ಗೆಳೆಯ ‘ಅದೃಷ್ಟ’ ಎಂದ. ನನಗೆ ಹಾಗೆನಿಸಲಿಲ್ಲ. 43ರಲ್ಲಿ ಒಂದು ಎಂಬುದು ಎಲೆಗಳ ಲೆಕ್ಕ; ಎಲೆ ಹಿಡಿದ ಮನುಷ್ಯನ ಲೆಕ್ಕವಲ್ಲ. ಮೊದಮೊದಲು, ಕಿಡ್‌ನ ಮುಂದೆ ಜೋಡಿ ಹತ್ತು ಬಿದ್ದಾಗ, ವಿವೇಕಿ ಹಿಂಜರಿಯುವ ಕಡೆ ಲ್ಯಾನ್ಸಿ ಪಣ ಏರಿಸಿದ್ದ. ತಪ್ಪು ಹೆಜ್ಜೆಯನ್ನು ಸರಿಯಾದ ಹೊತ್ತಿನಲ್ಲಿ ಇಡುವುದೇ ಆಟವೆಂಬುದು ಅವನ ಮತ. ಅಂಥವನ ಪಣ ಹುಸಿಯೋ ದಿಟವೋ ಎಂದು ತಿಳಿಯುವುದು ಹೇಗೆ? ಹಣ ಕೊಟ್ಟೇ ನೋಡಬೇಕು. ಕಿಡ್ ಕೊಟ್ಟು ನೋಡಿದ. ಇಬ್ಬರೂ ತಿಳಿದೇ ಕುಳಿತಿದ್ದರು; ಆದ್ದರಿಂದ ಅಲ್ಲಿ ಮೋಸವಿಲ್ಲ.

ನನ್ನ ನಿದ್ದೆ ಕೆಟ್ಟದ್ದು ಈ ಮಾತಿಗೆ. ಕಳೆದ ವರ್ಷ ಅಪ್ಪ ಪರೀಕ್ಷೆಯ ಶುಲ್ಕಕ್ಕೆಂದು ಕೊಟ್ಟ ಹಣವನ್ನು ಗೆಳೆಯರೊಡನೆ ತಿರುಗಾಡಿ ಕಳೆದೆ. ಆಮೇಲೆ ಊರಿಗೆ ಹೋಗಿ, “ಶುಲ್ಕ ಎರಡು ಕಂತಂತೆ ಅಪ್ಪ, ಇನ್ನೊಂದು ಕಟ್ಟಬೇಕು” ಎಂದೆ. ಮುಖದಲ್ಲಿ ಒಂದು ಗೆರೆಯೂ ಅಲುಗಲಿಲ್ಲ; ಲ್ಯಾನ್ಸಿಯೂ ಮೆಚ್ಚಬೇಕು. ಮೊದಲ ಕಂತಿನ ರಸೀದಿ ತೋರಿಸೆಂದು ಅಪ್ಪ ಕೇಳಬಹುದಾಗಿತ್ತು. ಅದಕ್ಕೆ ಅವರು ಒಂದು ಕಾಸೂ ಕೊಡಬೇಕಿರಲಿಲ್ಲ. ಕೇಳಲಿಲ್ಲ. ಬಿತ್ತನೆ ಬೀಜಕ್ಕೆಂದು ತೆಗೆದಿಟ್ಟಿದ್ದ ಹಣವನ್ನು ಎಣಿಸಿ ಕೊಟ್ಟು, “ಬಸ್ಸಿಗೆ ಹೊತ್ತಾಯಿತು, ಹೊರಡು ಮಗ” ಎಂದರು.

ಅಂದು ಬ್ಲಫ್ ಗೆದ್ದಿತೆಂದುಕೊಂಡಿದ್ದೆ. ಈಗ ತಿಳಿಯಿತು: ಅಪ್ಪ ಆಟಕ್ಕೇ ಕುಳಿತಿರಲಿಲ್ಲ. ಆಟವೆಂದು ಅರಿಯದವರೆದುರು ಒಡ್ಡಿದ ಹುಸಿಗೆ ಬ್ಲಫ್ ಎಂಬ ಹೆಸರು ಸಲ್ಲದು. ಅದಕ್ಕೆ ನಮ್ಮಲ್ಲಿ ಬೇರೆ ಹೆಸರಿದೆ.

ಅಪ್ಪ ಈ ಸಂಚಿಕೆಯನ್ನು ಓದುವವರಲ್ಲ. ಆದ್ದರಿಂದ ಇಲ್ಲಿ ಬರೆದ ಮಾತ್ರಕ್ಕೆ ನನ್ನ ಸಾಲ ತೀರಲಿಲ್ಲ. ರಜೆಗೆ ಊರಿಗೆ ಹೋದಾಗ ಮುಚ್ಚಿದ ಎಲೆಯನ್ನು ನಾನೇ ತಿರುಗಿಸಿಡಬೇಕು.